ಮುಟ್ಟದೇ ಹೋದ ಮಾತು

ದೊಡ್ಡಮ್ಮನ ಬಲಗೈ ಹೆಬ್ಬೆರಳಿನ ಉಗುರ ಸಂದಿಯಲ್ಲಿ ಸದಾ ಸುಣ್ಣ. ವೀಳ್ಯದೆಲೆಗೆ ಸವರಿದ ಅದೇ ಬೆರಳಲ್ಲಿ ಟ್ಯಾಬಿನ ಪರದೆ ಒತ್ತುತ್ತಿದ್ದುದರಿಂದ, ಮೇಲ್ ಕಳಿಸುವ ಗುಂಡಿಯ ಜಾಗದಲ್ಲಿ ಒಂದು ಬಿಳಿ ಚುಕ್ಕೆ ಕೂತುಬಿಟ್ಟಿತ್ತು. ಒರೆಸಲು ಹೋದರೆ ಬೈಯುತ್ತಿದ್ದರು. ಕನ್ನಡಕ ಇಲ್ಲದಾಗ ಗುಂಡಿ ಸಿಗುವುದೇ ಅದರಿಂದಂತೆ.

ಮಧುಗಿರಿಯಲ್ಲಿ ನನ್ನ ಜೆರಾಕ್ಸ್ ಅಂಗಡಿಯ ಎದುರುಮನೆ ಅವರದು. ಗಂಡು ಹೆಣ್ಣು ಕೂಡಿಸುವುದು ಅವರ ಕೆಲಸ. ಊರಿಗೆಲ್ಲ ಸಂಬಂಧದಮ್ಮ, ನನಗೆ ದೊಡ್ಡಮ್ಮ. ವಾಟ್ಸಾಪ್ ಅವರಿಗಾಗದು. ಯಾರದೋ ಮಗಳ ಫೋಟೋ ಬಡವನಹಳ್ಳಿ ಸಂತೆಯಲ್ಲಿ ಹುಡುಗರ ಫೋನಿನಿಂದ ಫೋನಿಗೆ ಓಡಾಡಿದ್ದನ್ನು ಕಂಡ ಮೇಲೆ ಫೋಟೋ, ಜಾತಕ ಎಲ್ಲ ಇಮೇಲಿನಲ್ಲೇ, ಅದೂ ತಮ್ಮದೇ ಹೆಸರಿನ ಡೊಮೈನ್, ಅಂದರೆ ಸ್ವಂತ ಇಂಟರ್ನೆಟ್ ವಿಳಾಸ, ಕೊಂಡು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಯಾರಾದರೂ ಅಂದರೆ ಸಿಡುಕುತ್ತಿದ್ದರು. "ಸಾವಿರದೊಂದನೇ ಸುಳ್ಳು ಆ ಹುಡುಗೀನೇ ಹೇಳ್ಬೇಕಾಯ್ತದೆ ಕಣಮ್ಮ, ಸುಖವಾಗಿದೀನಿ ಅಂತ."

ನಮ್ಮ ಕಡೆ ಸಂಬಂಧದ ಮಾತಿನಲ್ಲಿ ಯಾರೂ ಬೇಡ ಎನ್ನುವುದಿಲ್ಲ, ಸುಮ್ಮನಿದ್ದುಬಿಡುತ್ತಾರೆ. ಅಮಾವಾಸ್ಯೆ ಕಳೆದು ಹುಣ್ಣಿಮೆ ಬಂದರೂ ಮಾತಿಲ್ಲವೆಂದರೆ ಒಲ್ಲೆ ಎಂದೇ ಅರ್ಥ. ಮತ್ತೆ ಕೇಳುವುದು ಮರ್ಯಾದೆಯಲ್ಲ. ಕಳೆದ ವರ್ಷ ದೊಡ್ಡಮ್ಮನಿಗೆ ಎಲ್ಲ ಕಡೆಯಿಂದಲೂ ಈ ಮೌನವೇ. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಎಂದು ಗೊಣಗುತ್ತ, ಹೆಣ್ಣಿನ ಮನೆಗಳಿಗೆ ಹೋಗಿ ಮೆಲ್ಲಗೆ 'ಕೂಡಿಬರಲಿಲ್ಲ' ಎಂದು ತಿಳಿಸುತ್ತಿದ್ದರು. ನಮ್ಮ ಮನೆಗೂ ಬಂದಿದ್ದರು. ಶಿರಾದ ಮೇಷ್ಟರೊಬ್ಬರ ಸಂಬಂಧ ಅದು. ಯಾರದೋ ಮದುವೆಯಲ್ಲಿ ಅವರನ್ನು ದೂರದಿಂದ ನೋಡಿದ್ದೆ, ನನಗೆ ಮನಸ್ಸಿತ್ತು. ಆ ದಿನ ಅಮ್ಮ ನನ್ನ ಬಣ್ಣವನ್ನು ಬೈದಳು, ನಾನು ಕನ್ನಡಿಯನ್ನು ಬೈದೆ.

ಒಂದು ದಿನ ಕೊರಟಗೆರೆಯಿಂದ ಒಬ್ಬ ತಂದೆ ಬಂದು, ನಮ್ಮ ಹುಡುಗನಿಗೆ ಒಂದಾದರೂ ಹೆಣ್ಣು ತೋರಿಸಿದಿರಾ ಎಂದು ದೊಡ್ಡಮ್ಮನೊಡನೆ ಜಗಳ ತೆಗೆದರು. ಮೂರು ಕಳಿಸಿದ್ದೇನೆ ಎಂದು ಇವರು. ಕೊನೆಗೆ ಇಬ್ಬರೂ ನನ್ನ ಅಂಗಡಿಗೇ ಬಂದರು. ಆ ತಂದೆಯ ಫೋನಿನಲ್ಲಿ, ಬೇಡದ ಮೇಲ್ ಬೀಳುವ ಸ್ಪ್ಯಾಮ್ ತೆರೆದು ನೋಡಿದರೆ ಲಾಟರಿ, ಸಾಲದ ಜಾಹೀರಾತುಗಳ ನಡುವೆ ಮೂವರು ಹುಡುಗಿಯರು ಬಿದ್ದಿದ್ದರು. ಕಳಿಸಿದವರು ಇವರೇ ಎಂಬ ಖಾತ್ರಿಯಿಲ್ಲ ಎಂಬ ಎಚ್ಚರಿಕೆ ಬೇರೆ.

ನೋಡಿದರೆ ಮೇಲ್ ಸೇವೆಯ ಕಂಪನಿ ಬದಲಾಗಿತ್ತು. ದೊಡ್ಡಮ್ಮನ ಪರವಾಗಿ ಮೇಲ್ ಕಳಿಸಲು ಯಾರಿಗೆ ಅಧಿಕಾರವಿದೆ ಎಂದು ಹೇಳುವ ಡೊಮೈನಿನ ದಾಖಲೆಯಲ್ಲಿ ಮಾತ್ರ ಇನ್ನೂ ಹಳೆಯವರ ಹೆಸರೇ ಇತ್ತು. ಹೊಸಬರು ಒಯ್ದದ್ದೆಲ್ಲ ಕಳ್ಳಮಾಲಿನ ಲೆಕ್ಕಕ್ಕೆ ಹೋಗಿತ್ತು. ಹೊಸ ಹೆಸರು ಸೇರಿಸಿ, ಪ್ರತಿ ಮೇಲಿಗೂ ಡಿಜಿಟಲ್ ಸಹಿ ಬೀಳುವಂತೆ ಮಾಡಿ, ನನಗೇ ಒಂದು ಕಳಿಸಿ ನೋಡಿದೆ. ನೇರವಾಗಿ ಬಂತು. ಖುಷಿಯಿಂದ ತಿರುಗಿದರೆ ದೊಡ್ಡಮ್ಮ ಸ್ಟೂಲಿನ ಮೇಲೆ ಬೆವರಿ ಕೂತಿದ್ದರು. ಬಾಯಲ್ಲಿದ್ದ ಎಲೆ ಅಗಿಯುವುದನ್ನೂ ಮರೆತಿದ್ದರು.

ಯಾವಾಗಿನಿಂದ ಹೀಗೆ ಎಂದು ಕೇಳಿದರು. ಯುಗಾದಿಯಿಂದ ಎಂದೆ.

"ಅಂಗಾದ್ರೆ ಶಿರಾದೋರ್ಗೂ ಮುಟ್ಟಿಲ್ಲ. ನಿಂದೂ ಅದ್ರಲ್ಲೇ ಹೋಗಿತ್ತು ಕಣಮ್ಮ."

ಯಾರೂ ನನ್ನನ್ನು ಬೇಡವೆಂದಿರಲಿಲ್ಲ, ಯಾರೂ ನನ್ನ ಫೋಟೋ ನೋಡಿಯೇ ಇರಲಿಲ್ಲ. ಅಳಬೇಕೋ, ಅವರ ಮೇಲೆ ಕೂಗಾಡಬೇಕೋ ತಿಳಿಯಲಿಲ್ಲ.

ಮರುದಿನವೇ ದೊಡ್ಡಮ್ಮ ಬಸ್ಸು ಹತ್ತಿದರು. ದೊಡ್ಡೇರಿ, ಹುಲಿಕುಂಟೆ, ಪಾವಗಡ ಎಂದು ಊದಿದ ಕಾಲಿನಲ್ಲೇ ಮನೆ ಮನೆಗೂ ಹೋದರು. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು ಎಂಬುದು ಅವರ ಹಟ. ಶಿರಾದಿಂದ ಬಂದ ಸಂಜೆ ನೇರ ನಮ್ಮ ಮನೆಗೆ ಬಂದರು. ಮೇಷ್ಟರಿಗೆ ಮದುವೆ ಆಗಿಹೋಗಿತ್ತು. ಅಮ್ಮ ಎಷ್ಟು ಹೇಳಿದರೂ ಕೂರಲಿಲ್ಲ.

"ನಿಮ್ ಹುಡುಗೀನ ಯಾರೂ ಬ್ಯಾಡ ಅಂದಿಲ್ಲ. ನನ್ ಮಾತು ಮುಟ್ಲಿಲ್ಲ, ಅಷ್ಟೆಯ."

ಅಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ನನಗೆ ಕೋಪ ಬರಬೇಕಿತ್ತು, ಬಂದದ್ದು ಬಿಡುಗಡೆ. ಎಷ್ಟೋ ತಿಂಗಳ ಮೇಲೆ ಅಂದು ಕನ್ನಡಿ ನೋಡಿಕೊಂಡು ತಲೆ ಬಾಚಿದೆ.

ಆಮೇಲೆ ದೊಡ್ಡಮ್ಮ ಮೇಲ್ ಕಳಿಸಿದ ಮರುಗಳಿಗೆ ಆ ಮನೆಗೆ ಫೋನ್ ಮಾಡುತ್ತಿದ್ದರು. "ಮುಟ್ತಾ? ಒಲ್ಲೆ ಅಂದ್ರೆ ಬಾಯ್ಬುಟ್ಟು ಒಲ್ಲೆ ಅನ್ರವ್ವ, ಸುಮ್ಕಿರ್ಬ್ಯಾಡಿ."

ಈ ಕಾರ್ತಿಕದಲ್ಲಿ ಹೋಗಿಬಿಟ್ಟರು. ಬೆಳಿಗ್ಗೆ ಅಂಗಡಿ ಬಾಗಿಲಲ್ಲಿ ನಿಂತು ನನ್ನನ್ನು ಬೈದು ಹೋದವರು ಮಧ್ಯಾಹ್ನಕ್ಕೆ ಇಲ್ಲವೆಂದರೆ ನಂಬುವುದು ಹೇಗೆ? ನನಗೆ ಇನ್ನೂ ನಂಬಿಕೆಯಾಗಿಲ್ಲ. ಅವರ ಮನೆಯವರು ಹೇಳಿದಂತೆ ಟ್ಯಾಬ್ ತಂದು, ಬಿಳಿ ಚುಕ್ಕೆಯ ಮೇಲೆ ಬೆರಳಿಟ್ಟು, ಅವರು ಹೋದ ಸುದ್ದಿಯನ್ನು ಅವರ ವಿಳಾಸದಿಂದಲೇ ಎಲ್ಲರಿಗೂ ಕಳಿಸಿದೆ. ಆಮೇಲೆ ಅವರ ರೂಢಿಯಂತೆ ಒಂದೊಂದು ಮನೆಗೂ ಫೋನ್ ಮಾಡಿದೆ. ಶಿರಾದಲ್ಲಿ ಮೇಷ್ಟರ ತಾಯಿ ಎತ್ತಿದರು. ಮುಟ್ಟಿತಾ ಎಂದು ಕೇಳಿದೆ.

"ಮುಟ್ತು ಕಣಮ್ಮ. ನೀನ್ಯಾರು?"

ದೊಡ್ಡಮ್ಮನ ಕಡೆಯವಳು ಎಂದೆ.