ಅಮ್ಮ ಎತ್ತಿಕೊಂಡ ಸೊಲ್ಲು

ನಮ್ಮಮ್ಮ ತೀರಿಹೋದ ಮೇಲೆ ಅವಳ ದನಿ ಉಳಿದಿದ್ದುದು ಒಂದೇ ಒಂದು ಕ್ಯಾಸೆಟ್ಟಿನಲ್ಲಿ. ಅಕ್ಕನ ಮದುವೆಯಲ್ಲಿ, ಅಜ್ಜಂಪುರದ ಮನೆಯ ಹಜಾರದಲ್ಲಿ ಹೆಂಗಸರು ಹಸೆಹಾಡು ಹೇಳುವಾಗ ತುಂಬಿಸಿಕೊಂಡದ್ದು. ನಮ್ಮ ಕಡೆ ಒಬ್ಬರು ಸೊಲ್ಲು ಹೇಳಿದರೆ ಇನ್ನೊಬ್ಬರು ಅದನ್ನೇ ಎತ್ತಿಕೊಂಡು ತಿರುಗಿ ಹೇಳಬೇಕು. ದೊಡ್ಡಮ್ಮ ಟೇಪ್‌ರೆಕಾರ್ಡರ್ ಮುಂದೆಯೇ ಕೂತು ಗಟ್ಟಿಯಾಗಿ ಹೇಳಿದ್ದರು. ನಾಚಿಕೆಯ ಅಮ್ಮ ಅಡುಗೆಮನೆ ಬಾಗಿಲಿನಿಂದಲೇ ಎತ್ತಿಕೊಂಡಿದ್ದಳು. ಕ್ಯಾಸೆಟ್ಟಿನ ಜುಯ್ಯೆನ್ನುವ ಸದ್ದಿನೊಳಗೆ ಅವಳ ದನಿ ಸಣ್ಣಗೆ ಬರುತ್ತಿತ್ತು. ಕಿವಿಗೊಟ್ಟು ಕೇಳಬೇಕಿತ್ತು.

ಅದಕ್ಕಾಗಿ ನಾನು ಕಡೂರಿನಿಂದ ತರೀಕೆರೆಯ ಅಕ್ಕನ ಮನೆಗೆ ಹೋಗಬೇಕಿತ್ತು. ಆ ಹಳೇ ಟೇಪು ಮನಸ್ಸಿದ್ದರೆ ಓಡುವುದು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಅಕ್ಕ ಹಾಡನ್ನು ಅಂಗಡಿಯಲ್ಲಿ ಮೊಬೈಲಿಗೆ ಹಾಕಿಸಿ ಕಳಿಸಿದಾಗ ಕುಣಿದಾಡಿಬಿಟ್ಟೆ. ಇನ್ನು ಒಲೆ ಮುಂದೆ ನಿಂತೇ ಅಮ್ಮನನ್ನು ಕೇಳಬಹುದಲ್ಲ!

ಹಾಡು ಹಾಕಿದೆ. ದೊಡ್ಡಮ್ಮ ಎದುರಿಗೇ ಕೂತಂತೆ ಸೊಲ್ಲು ಹೇಳಿದರು. ಆಮೇಲೆ ಏನೂ ಇಲ್ಲ. ಮತ್ತೆ ದೊಡ್ಡಮ್ಮ. ಮತ್ತೆ ಏನೂ ಇಲ್ಲ. ಒಲೆ ಆರಿಸಿ ಬಸ್ಸು ಹತ್ತಿದೆ.

“ಅಕ್ಕಾ, ಇದ್ರಲ್ಲಿ ಅಮ್ಮನೇ ಇಲ್ವಲ್ಲೇ!”

“ನಿಂಗೇನ್ ಕಿವಿ ಕೇಳ್ಸಲ್ವಾ? ನಾನು ದಿನಾ ಕೇಳ್ತೀನಿ ಕಣೇ. ಅಂಗಡಿಯವ್ನು ಆ ಜುಯ್ ಅನ್ನೋದೆಲ್ಲ ತೆಗೆದ್ಬಿಟ್ಟಿದಾನೆ. ಎಷ್ಟು ಚೊಕ್ಕಾಗಿದೆ!”

ಅವಳ ಚೊಕ್ಕಕ್ಕಿಷ್ಟು ಬೆಂಕಿ ಹಾಕ! ಹಾಡು ಹಾಕಿದಳು. ದೊಡ್ಡಮ್ಮ ನಿಲ್ಲಿಸುತ್ತಲೇ ಅಕ್ಕನ ಬಾಯಿ ತಾನಾಗಿ ಸೊಲ್ಲನ್ನು ಎತ್ತಿಕೊಂಡಿತು. ಅಮ್ಮನದೇ ಎಳೆತ. ತಾನು ಹಾಡುತ್ತಿದ್ದೇನೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

“ಬಾಯಿ ಮುಚ್ಕೊಂಡ್ ಕೇಳು ಒಂದ್ಸಲ!” ಅಂದೆ.

ಸೆರಗನ್ನು ಬಾಯಿಗೊತ್ತಿಕೊಂಡು ಕೇಳಿದಳು. ಮುಖ ಇಳಿದುಹೋಯಿತು. ಜುಯ್ಯೆನ್ನುವ ಸದ್ದಿನ ಜೊತೆಗೆ ಅಮ್ಮನ ಸಣ್ಣ ದನಿಯೂ ಹೋಗಿಬಿಟ್ಟಿತ್ತು.

“ಕ್ಯಾಸೆಟ್ ಎಲ್ಲೇ?”

“ರೀಲು ಸಿಕ್ಕಾಕ್ಕೊಂಡು ಹರಿದೋಯ್ತಂತೆ. ಹೆಂಗೂ ಮೊಬೈಲಿಗೆ ಬಂತಲ್ಲಾ ಅಂತ ಅಲ್ಲೇ ಬಿಟ್ಬಂದೆ.”

ಅಂಗಡಿಗೆ ಓಡಿದೆವು. ಕ್ಯಾಸೆಟ್ಟನ್ನು ಕಸಕ್ಕೆ ಹಾಕಿಯಾಗಿತ್ತು. ಸದ್ದು ತೆಗೆಯುವ ಮುಂಚಿನ ಹಾಡನ್ನೂ ಕಂಪ್ಯೂಟರಿನಿಂದ ಅಳಿಸಿದ್ದ. “ಅದು ಬರೀ ಗಲಾಟೆ ಕಣ್ರೀ, ಯಾರ್ ಕೇಳ್ತಾರೆ?” ಅಂದ.

ಮನೆಗೆ ಬಂದು ಅಕ್ಕನಿಗೆ ಸರಿಯಾಗಿ ಬೈಯಬೇಕೆಂದಿದ್ದೆ. ಅಷ್ಟರಲ್ಲಿ ಅವಳೇ ಹಾಡನ್ನು ಮತ್ತೆ ಹಾಕಿದಳು. ದೊಡ್ಡಮ್ಮನ ಸೊಲ್ಲು ಮುಗಿಯಿತು. ಅಕ್ಕ ಬಾಯಿ ತೆರೆದಳು. ದನಿ ಹೊರಡಲಿಲ್ಲ. ನಾನು ಬಾಯಿ ಮುಚ್ಚಿಸುವವರೆಗೂ ಅವಳಿಗಾದರೂ ಅಮ್ಮ ದಿನಾ ಕೇಳಿಸುತ್ತಿದ್ದಳು.