ಕಾಯಿ ಉಳಿಯಿತು, ಗಾಜು ಹೋಯಿತು

ಕಾಯಿ ಒಡೆಯಲಿಲ್ಲ. ಗಾಜು ಒಡೆಯಿತು.

ಹೋದ ತಿಂಗಳು ಸೊರಡಿಯಲ್ಲಿ, ನಮ್ಮ ಮಾಳಪ್ಪ ಮಾಮಾನ ಅಂಗಳದಲ್ಲಿ ನಡೆದ ಪವಾಡವಿದು. ಮಾಮಾ ಅಂದರೆ ನನ್ನ ತಾಯಿಯ ಖಾಸಾ ತಮ್ಮ. ಕುರಿ ಕಾಯ್ದು, ಒಣ ಹೊಲ ಮಾಡಿ ತಲೆಗೂದಲು ಬೆಳ್ಳಗೆ ಮಾಡಿಕೊಂಡವನು. ಆತನ ಕೈಯಲ್ಲಿ ತೆಂಗಿನಕಾಯಿ. ಎದುರಿಗೆ ಆತನ ಮಗ ಬೀರಪ್ಪನ (ನಮಗೆಲ್ಲ ಬೀರು) ಹೊಚ್ಚ ಹೊಸ ಇಟಲಿ ಕಾರು. ಕಿತ್ತಳೆ ಬಣ್ಣ. ಅದರ ಅಡಿಯಲ್ಲಿ ಕೋಳಿಮರಿ ಕೂಡ ತಲೆ ಬಗ್ಗಿಸಿಯೇ ಹೋಗಬೇಕು, ಅಷ್ಟು ತಗ್ಗು.

ಹೊಸ ಗಾಡಿ, ಅದರಲ್ಲೂ ಶುಭಕಾರ್ಯಕ್ಕೆ ಹೊರಟ ಗಾಡಿ. ದೃಷ್ಟಿ ತೆಗೆಯದೆ ಬಿಡುವುದುಂಟೇ? ಮಾಮಾನಿಗೆ ಟ್ರ್ಯಾಕ್ಟರ್ ಪೂಜೆ ಮಾಡಿ ರೂಢಿ. ಮುಂದಿನ ಕಬ್ಬಿಣಕ್ಕೆ ಕಾಯಿ ಹೊಡೆದರೆ ಮುಗಿಯಿತು, ಎರಡು ಹೋಳು. ಈ ಕಾರಿನ ಸುತ್ತ ಎರಡು ಸಲ ತಿರುಗಿದ. ಕಬ್ಬಿಣವೇ ಸಿಗಲಿಲ್ಲ.

"ಇದಕ್ಕ ಕಾಯಿ ಎಲ್ಲಿ ಹೊಡಿಬೇಕೋ ಬೀರೂ?"

"ಅಪ್ಪಾ, ನೆಲಕ್ಕ ಹೊಡಿ. ದೂರ ನಿಂದ್ರು."

ಮಾಮಾ ಬಟ್ಟೆ ಒಗೆಯುವ ಕಲ್ಲನ್ನು ಎಳೆದು ತಂದು ಕಾರಿನ ಮುಂದಿಟ್ಟ. ಕಾಯಿ ನಿವಾಳಿಸಿ, ಕಣ್ಣು ಮುಚ್ಚಿ, ಕುರಿ ಹಿಂಡಿನ ಮೇಲೆ ಬಂದ ತೋಳಕ್ಕೆ ಎಸೆಯುವಷ್ಟು ಜೋರಿನಿಂದ ಎಸೆದ. ಕಾಯಿ ಕಲ್ಲಿನ ಅಂಚಿಗೆ ಬಡಿದು, ಪುಟಿದು, ಇಡಿಯಾಗಿ ಹಾರಿ ಮುಂದಿನ ಗಾಜಿನ ನಟ್ಟನಡುವೆ ಬಿತ್ತು. ಫಟ್ ಅಂತ ಸಣ್ಣ ಸದ್ದು, ಅಷ್ಟೇ. ಗಾಜಿನ ತುಂಬ ಹುರಿದ ಹಪ್ಪಳದಂತೆ ಬಿರುಕು. ಕಾಯಿ ಬಾನೆಟ್ ಮೇಲೆ ಉರುಳಿ ಬಂದು ಮಾಮಾನ ಕಾಲ ಬಳಿ ನಿಂತಿತು.

ಮಾಮಾನ ಹೆಂಡತಿ ಗಂಗವ್ವ ಅತ್ತೆ ಬಂದು ಕಾಯಿ ಎತ್ತಿಕೊಂಡು, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದಳು.

"ಕಾಯಿಗೇನೂ ಆಗಿಲ್ಲ," ಅಂದಳು.

ಸೊರಡಿಯ ಅಂಗಳಕ್ಕೆ ಇಟಲಿ ಕಾರು ಹೇಗೆ ಬಂತು ಅಂತ ಹೊರಗಿನವರು ಕೇಳಬಹುದು. ನಮ್ಮ ಕಡೆಯವರು ಕೇಳುವುದಿಲ್ಲ. ನಮ್ಮ ಸೀಮೆಯ ಹುಡುಗರು ದೇಶದ ಸಂದಿಗೊಂದಿಗಳಲ್ಲಿ ಗಲಾಯಿ ಅಂಗಡಿ ಇಟ್ಟಿದ್ದಾರೆ. ಗಲಾಯಿ ಅಂದರೆ ಹಳೆ ಬಂಗಾರ ಕರಗಿಸಿ, ಕಲಬೆರಕೆ ತೆಗೆದು ಶುದ್ಧ ಮಾಡುವ ಧಂದೆ. ಬೀರೂನ ಅಂಗಡಿ ಸೇಲಂನಲ್ಲಿದೆ. ಹದಿನೈದು ವರ್ಷ ಆ್ಯಸಿಡ್ ಹೊಗೆ ಕುಡಿದು ಮೇಲೆ ಬಂದವನು. ದುಡ್ಡು ಬಂತು, ಮನೆ ಬಂತು, ಕೊನೆಗೆ ಈ ಕಾರೂ ಬಂತು. ಬರದೆ ಇದ್ದದ್ದು ಹೆಂಡತಿ ಒಬ್ಬಳೇ.

ಕನ್ಯಾ ನೋಡಲು ಹೋಗುವುದು, ಅವರು "ತಿಳಸ್ತೀವ್ರಿ" ಅನ್ನುವುದು, ತಿಳಿಸದೆ ಇರುವುದು, ಇದೇ ಆಗಿತ್ತು. ದೂರದ ಊರು, ಹೊಗೆ ಕೆಲಸ, ಯಾರು ಕೊಡುತ್ತಾರೆ ಮಗಳನ್ನು? ಅಷ್ಟರಲ್ಲಿ ಬಾಲಗಾಂವದ ಸುಜಾತಾಳ ಸಂಬಂಧ ಬಂತು. ಹುಡುಗಿ ಜನಾವರ ಡಾಕ್ಟರ್, ದನಕರುಗಳನ್ನು ನೋಡುವವಳು. ಇಬ್ಬರೂ ಫೋನಿನಲ್ಲಿ ಮಾತಾಡಿದರು. ಫೋನಿಟ್ಟ ಮೇಲೆ ಬೀರು ಗೋಡೆ ನೋಡಿ ನಗುತ್ತಾ ಕುಳಿತಿದ್ದನ್ನು ನಾನೇ ಕಂಡೆ. ಕಾರು ತಂದಿದ್ದೇನೆ ಅಂತ ಹೇಳಿದನಂತೆ. ಆಕೆ "ಯಾವ ಬಣ್ಣ?" ಅಂದಳಂತೆ. ಅಷ್ಟಕ್ಕೇ ನಮ್ಮ ಹುಡುಗ ಅರ್ಧ ಮದುವೆ ಮುಗಿಸಿಬಿಟ್ಟಿದ್ದ.

ಕಾಯಿ ಹಾರಿದ ಆ ದಿನ ನಾವು ಹೊರಟಿದ್ದು ಬಾಲಗಾಂವಕ್ಕೇ.

"ಜೀಪಿನ್ಯಾಗ ಹೋಗೂಣು ನಡಿ," ಅಂದೆ ನಾನು.

"ಅಕ್ಕಾ, ಈ ಗಾಡಿ ತರ್ತೀನಿ ಅಂತ ಹೇಳೀನಿ. ಎಲ್ಲಾ ಕಡೆ ಜೀಪಿನ್ಯಾಗ ಹೋಗಿ 'ಇಲ್ಲ' ಅನಿಸ್ಕೊಂಡೀನಿ. ಇದೊಂದು ಹೋತಂದ್ರ ನಾ ಮತ್ತ ಕನ್ಯಾ ನೋಡ್ಲಾಕ ಹೋಗಾಂವಲ್ಲ."

ಇಂಥವನಿಗೆ ಏನು ಹೇಳುತ್ತೀರಿ? ಗಾಡಿ ರಿಪೇರಿ, ಇನ್ನೊಂದು ದಿನ ಬರುತ್ತೇವೆ ಅಂತ ಬಾಲಗಾಂವಕ್ಕೆ ಫೋನ್ ಹೋಯಿತು. ಅವರು ಒಪ್ಪಿದರು. ಒಳ್ಳೆಯ ಮಂದಿ.

ಆಮೇಲೆ ಶುರುವಾಯಿತು ನೋಡಿ ಸಲಹೆಗಳ ಸುರಿಮಳೆ. ಊರಿನಲ್ಲಿ ಯಾರದಾದರೂ ಕಾಲು ಮುರಿದರೂ ಇಷ್ಟು ಮಂದಿ ಬರುವುದಿಲ್ಲ. ದ್ರಾಕ್ಷಿ ತೋಟಕ್ಕೆ ಹಾಕುವ ಪ್ಲಾಸ್ಟಿಕ್ ಬಿಗಿ ಅಂದ ಒಬ್ಬ. ಬಿರುಕಿಗೆ ಫೆವಿಕ್ವಿಕ್ ಹಚ್ಚು ಅಂದ ಇನ್ನೊಬ್ಬ. ಗಾಜು ಒಡೆದದ್ದು ಅಪಶಕುನ ಅಂತ ಒಂದು ಮುದುಕಿ ಅಂದದ್ದೇ ತಡ, ಮಾಮಾ ರೇಗಿದ.

"ಏನ್ ಅಪಶಕುನ? ಪೀಡಾ ಗಾಜಿನ ಮ್ಯಾಲ ಹೋತು. ಹುಡುಗ ಉಳದ." (ಒಡೆದವನ ವಾದ ಯಾವಾಗಲೂ ಗಟ್ಟಿಯಾಗಿರುತ್ತದೆ, ಗಮನಿಸಿದ್ದೀರಾ?)

ಜತ್ತದಿಂದ ಗ್ಯಾರೇಜಿನವನನ್ನು ಕರೆಸಿದೆವು. ಟೆಂಪೋ, ಬಸ್ಸು, ಜೀಪು ಎಲ್ಲದಕ್ಕೂ ಗಾಜು ಕೂರಿಸಿದವನು. ಬಂದ. ಗೇಣು ಹಾಕಿ ಅಳೆದ. ಬಗ್ಗಿ ನೋಡಿದ. ಕೊನೆಗೆ ಮಲಗಿಯೂ ನೋಡಿದ.

"ಇದು ಗಾಡಿ ಗಾಜಲ್ರಿ, ಕಣ್ಣಿನ ಚಾಳೀಸ ಇದ್ದಂಗ ಐತಿ," ಅಂದ. ಕನ್ನಡಕ ಕೂರಿಸುವುದು ತನ್ನ ಕೆಲಸವಲ್ಲ ಅಂತ ಚಹಾ ಕುಡಿದು ಹೋದ.

ಗಾಜು ಇಟಲಿಯಿಂದಲೇ ಬರಬೇಕು. ಮುಂಬೈಗೆ ಇಳಿದು, ಪುಣೆಗೆ ಬಂದು, ಅಲ್ಲಿಂದ ಕೂರಿಸುವವರ ಜೊತೆ ಸೊರಡಿಗೆ. ಬೆಲೆ ಬರೆಯುವುದಿಲ್ಲ. ಮಾಮಾ ಈ ಅಂಕಣ ಓದಿಸಿಕೊಂಡು ಕೇಳುತ್ತಾನೆ.

ನಾನು ಜತ್ತದ ಕಾಲೇಜಿನಲ್ಲಿ ಕನ್ನಡ ಕಲಿಸುವವಳು. ಭಾಷೆ ಬಲ್ಲವಳು ಅಂತ ಫೋನ್ ಖಾತೆ ನನಗೇ ಬಂತು. ಭಾಷೆ ಬಲ್ಲೆ ಅನ್ನುವ ಗರ್ವ ಮೊದಲು ಮುರಿದದ್ದು ಮನೆಯಲ್ಲೇ. ಮರಾಠಿ ಸೀಮೆಗೆ ಸೇರಿದ ಗಡಿ ಊರು ನಮ್ಮದು; ಮನೆ ಮಾತು ಕನ್ನಡ, ಅಂಗಡಿ ಮಾತು ಮರಾಠಿ. ಎರಡೂ ಒಂದೇ ಬಾಯಿಯಲ್ಲಿ ಕಲಸಿಕೊಂಡಿರುತ್ತವೆ. ಗಾಜಿಗೆ ಮರಾಠಿಯಲ್ಲಿ ಕಾಚ. ಅದೇ ಗುಂಗಿನಲ್ಲಿ ನನ್ನ ಗಂಡನಿಗೆ ಫೋನ್ ಮಾಡಿ, "ನಾ ಇನ್ನೂ ಸೊರಡ್ಯಾಗ ಇರ್ತೀನ್ರಿ, ಬೀರೂನ ಕಾಚ ಒಡದೈತಿ," ಅಂದುಬಿಟ್ಟೆ.

ಗಂಡ ಹರಿಹರದವರು.

"ಕಾಚ ಹರಿಯೋದು ಕೇಳಿದ್ದೀನಿ," ಅಂದರು, "ಒಡೆಯೋದು ಹೇಗೆ? ಹೊಸದು ತಗೊಂಡು ಬರಲಾ?"

ಇದು ನಗುವ ಮಾತಾಯಿತು. ಮುಂದಿನದು ಆಗಲಿಲ್ಲ.

ವಾರ ಕಳೆದರೂ ಗಾಜಿನ ಸುದ್ದಿಯಿಲ್ಲ. ಕಾರಿಗೆ ಅತ್ತೆ ಕೌದಿ ಹೊದಿಸಿದ್ದಳು. ಬೀರೂನ ಮುಖಕ್ಕೂ ಒಂದು ಹೊದಿಸಬಹುದಿತ್ತು, ಹಾಗಿತ್ತು ಅವನ ಅವಸ್ಥೆ. ಕೊನೆಗೆ ಪುಣೆಯವನು ಫೋನ್ ಎತ್ತಿದ. ಕಾಚ ಯಾವಾಗ ಬರುತ್ತದೆ ಅಂತ ಮರಾಠಿಯಲ್ಲೇ ಕೇಳಿದೆ. ಅವನು ಒಂದೇ ಶಬ್ದ ಅಂದು ಫೋನಿಟ್ಟ.

"ಪರವಾ."

ಮರಾಠಿಯ ಈ ಪರವಾ ಎಂಥ ಕಿಲಾಡಿ ಶಬ್ದ ಅಂತ ನಿಮಗೆ ಗೊತ್ತೇ? ನಾಡಿದ್ದು ಅಂದರೂ ಪರವಾ, ಮೊನ್ನೆ ಅಂದರೂ ಪರವಾ. ಹಿಂದಕ್ಕೂ ಹೋಗುತ್ತದೆ, ಮುಂದಕ್ಕೂ ಹೋಗುತ್ತದೆ. ಸಾಲದ್ದಕ್ಕೆ ಕನ್ನಡದಲ್ಲಿ ಅದಕ್ಕೊಂದು 'ಇಲ್ಲ' ಅಂಟಿಸಿದರೆ ಚಿಂತೆಯಿಲ್ಲ, ನಡೆಯುತ್ತದೆ ಅಂತ ಅರ್ಥ. ನಾವು ಮೂರನ್ನೂ ದಿನಾ ಬಳಸುತ್ತೇವೆ. ಎದುರಿಗಿದ್ದವನ ಮುಖ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಫೋನಿಗೆ ಮುಖ ಎಲ್ಲಿದೆ?

ಗಾಜು ನಾಡಿದ್ದು ಬರುತ್ತದೆ ಅಂತ ಗೊತ್ತಾದ ಖುಷಿಯಲ್ಲೇ ಬಾಲಗಾಂವದಿಂದ ಸುಜಾತಾಳ ತಂದೆಯ ಫೋನ್ ಬಂತು. ಮಾಮಾ ಎತ್ತಿಕೊಂಡ. ಬಾಯಲ್ಲಿ ತಂಬಾಕು.

"ನಾಳಿ ಬರೂದು ಅನುಕೂಲ ಆಗತೈತೇನ್ರಿ? ಹೋಳಿಗಿ ಮಾಡಸ್ತೀವಿ," ಅಂದರು ಅವರು.

"ಪರವಾ," ಅಂದ ಮಾಮಾ. ತಂಬಾಕು ಉಗುಳಿದ. "ಇಲ್ಲ, ನಾಳಿ ಆಗೂದಿಲ್ರಿ, ಗಾಜ..."

ಸೊರಡಿಯ ನೆಟ್‌ವರ್ಕ್ ಮಾಮಾ 'ಇಲ್ಲ' ಅಂದ ತಕ್ಷಣ ಕಡಿಯಿತು. ಅದಕ್ಕೂ ಮೊದಲು ಕಡಿದಿದ್ದರೆ ಏನು ಹೋಗುತ್ತಿತ್ತು? ಹೇಳಬೇಕಾದ್ದನ್ನು ಹೇಳಿಯಾಗಿದೆ ಅಂದುಕೊಂಡು ಮಾಮಾ ಎಮ್ಮೆಗೆ ಮೇವು ಹಾಕಲು ಹೋದ. ಬಾಲಗಾಂವದಲ್ಲಿ ಕೇಳಿಸಿದ್ದು "ಪರವಾ ಇಲ್ಲ". ನಡೆಯುತ್ತದೆ, ಬರುತ್ತೇವೆ.

ಮರುದಿನ ಅಲ್ಲಿ ಓಣಿಗೆಲ್ಲ ಆಗುವಷ್ಟು ಹೋಳಿಗೆ ಮಾಡಿದ್ದಾರೆ. ಅಣ್ಣತಮ್ಮಂದಿರನ್ನು ಕರೆಸಿದ್ದಾರೆ. ಹುಡುಗಿ ರಜೆ ಹಾಕಿ, ಸೀರೆ ಉಟ್ಟು ಕುಳಿತಿದ್ದಾಳೆ. ನಾವು ಇಲ್ಲಿ ಆರಾಮಾಗಿ ಶೇಂಗಾ ಸುಲಿಯುತ್ತಾ ಕುಳಿತಿದ್ದೇವೆ.

ಸಂಜೆ ಅವಳ ತಂದೆಯ ಫೋನ್ ಬಂತು. ಬೈದಿದ್ದರೆ ಚೆನ್ನಾಗಿತ್ತು. ನಮ್ಮ ಕಡೆ ನಿಜವಾದ ಸಿಟ್ಟು ಬಂದರೆ ಬೈಯುವುದಿಲ್ಲ. 'ರಿ' ಜಾಸ್ತಿ ಆಗುತ್ತದೆ.

"ಇರ್ಲಿ ಬಿಡ್ರಿ. ನೀವು ದೊಡ್ಡ ಗಾಡ್ಯಾಗ ತಿರಗಾವ್ರ್ರಿ. ನಾವು ಸಣ್ಣವ್ರ್ರಿ. ಹೋಳಿಗಿ ದನಕ್ಕ ಹಾಕ್ತೀವ್ರಿ."

ಮಾಮಾ ಏನೋ ಹೇಳಲು ಹೋದ. ಫೋನ್ ಕಡಿಯಿತು. ಈ ಸಲ ನೆಟ್‌ವರ್ಕಿನ ತಪ್ಪಲ್ಲ.

ಬೀರು ಎದ್ದು ಹೋಗಿ ಕೌದಿ ಸರಿಸಿ, ಒಡೆದ ಗಾಜಿನ ಹಿಂದೆ ಸ್ಟೇರಿಂಗ್ ಹಿಡಿದು ಕುಳಿತ. ನನಗೆ ಸಿಟ್ಟು ಬಂತು.

"ಈಗ ಬೈಕ್ ತಗೊಂಡು ಹೋಗಿ ಅವ್ರ ಕಾಲಿಗಿ ಬೀಳು. ನಿನಗ ಹೆಣ್ತಿ ಬೇಕೋ, ಗಾಜ ಬೇಕೋ?"

"ಯಾವ ಮುಖಾ ತಗೊಂಡ ಹೋಗ್ಲಿ ಅಕ್ಕಾ?" ಅಂದ.

ಮರುದಿನ ಗಾಜು ಬಂತು. ಅಂತಿಂಥ ಬರುವಿಕೆಯಲ್ಲ. ಕಟ್ಟಿಗೆಯ ಪೆಟ್ಟಿಗೆ, ಒಳಗೆ ಸ್ಪಂಜು, ಅದರೊಳಗೆ ಬಟ್ಟೆ, ಜೊತೆಗೆ ಕೈಗವಸು ಹಾಕಿದ ಇಬ್ಬರು. ನಮ್ಮ ಮನೆಗೆ ಬಂದ ಯಾವ ಸೊಸೆಯನ್ನೂ ಇಷ್ಟು ಜೋಪಾನವಾಗಿ ಇಳಿಸಿಕೊಂಡ ದಾಖಲೆಯಿಲ್ಲ. ತಂತಿಯಿಂದ ಹಳೆ ಅಂಟು ಕೊಯ್ದರು. ಒಡೆದ ಗಾಜು ಎತ್ತಿ ಪಕ್ಕಕ್ಕಿಟ್ಟರು. ಅಂಚಿಗೆ ಕಪ್ಪು ಅಂಟು ಸುರಿದರು. ರಬ್ಬರ್ ಹಿಡಿಕೆ ಅಂಟಿಸಿ, ಉಸಿರು ಬಿಗಿಹಿಡಿದು, ಹೊಸ ಗಾಜನ್ನು ನಿಧಾನ ಕೂರಿಸಿ ಸುತ್ತ ಟೇಪ್ ಹಚ್ಚಿದರು. ಊರಿಗೆ ಊರೇ ಕಾಂಪೌಂಡ್ ಮೇಲೆ ಕುಳಿತು ನೋಡಿತು.

"ಆಜ್ ಗಾಡಿ ಹಲವಾಯಚಿ ನಾಹಿ," ಅಂದ ಹಿರಿಯ ಫಿಟ್ಟರ್. ಅಂಟು ಆರುವ ತನಕ, ಅಂದರೆ ನಾಳೆ ತನಕ, ಗಾಡಿ ಅಲ್ಲಾಡಿಸುವಂತಿಲ್ಲ. ಬಾಗಿಲನ್ನೂ ಜೋರಾಗಿ ಹಾಕುವಂತಿಲ್ಲ.

ಅಷ್ಟರಲ್ಲಿ ಸ್ಕೂಟಿಯ ಸದ್ದು. ಇಳಿದವಳು ಹೆಲ್ಮೆಟ್ ತೆಗೆದಳು. ಫೋಟೋ ನೋಡಿದ್ದ ನಮಗೆಲ್ಲ ಗುರುತು ಸಿಕ್ಕಿತು. ಸುಜಾತಾ. ಕೈಯಲ್ಲಿ ಸ್ಟೀಲಿನ ಡಬ್ಬಿ.

"ಬರ್ರಿ, ಕುಂದ್ರಿ," ಅಂದಳು ಅತ್ತೆ ಗಡಬಡಿಸಿ. ಕೂರಲು ಏನೂ ಇರಲಿಲ್ಲ. ಇದ್ದ ಖುರ್ಚಿಯ ಮೇಲೆ ಹಳೆ ಗಾಜು ಕುಳಿತಿತ್ತು.

"ನಿನ್ನಿ ಹೋಳಿಗಿ ಅದಾವ್ರಿ," ಅಂದು ಡಬ್ಬಿ ಕೊಟ್ಟಳು. "ನಮ್ಮಪ್ಪ ದನಕ್ಕ ಹಾಕ್ತೀನಿ ಅಂದ. ದನಕ್ಕ ಹೋಳಿಗಿ ಹಾಕಿದ್ರ ಹೊಟ್ಟಿ ಉಬ್ಬತೈತಿ, ಮತ್ತ ನಾನ ಹೋಗಬೇಕ. ಅದಕ ನಿಮಗ ತಂದೆ. ಪರವಾ ಇಲ್ಲ ಅಂತ ಹೇಳಿ ಬರಲಿಲ್ಲ, ಯಾಕ್ರಿ?"

ಮಾಮಾ ಅಡ್ಡ ಬಿದ್ದವನಂತೆ ಎರಡೂ ಕೈ ಜೋಡಿಸಿದ. "ನಾ ಪರವಾ ಅಂದೇನವ್ವಾ. ಆಮ್ಯಾಲ ಇಲ್ಲ ಅಂದೆ. ನಡುವ ತಂಬಾಕ ಉಗಳೀನಿ."

ಆಕೆಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಸ್ಕೂಟಿ ಹಿಡಿದುಕೊಂಡು ನಕ್ಕಳು ನೋಡಿ, ಪುಣೆಯವರೂ ಏನೂ ತಿಳಿಯದೆ ನಕ್ಕರು. ಬೀರು ಒಬ್ಬ ನಗಲಿಲ್ಲ. ಅಂಟು ಮೆತ್ತಿದ ಬಟ್ಟೆ ಹಿಡಿದು ಕಾರಿನ ಪಕ್ಕ ಕಂಬದಂತೆ ನಿಂತಿದ್ದ. ಆಕೆ ಅವನ ಹತ್ತಿರ ಹೋಗಿ, ಬಗ್ಗಿ, ಹೊಸ ಗಾಜಿನೊಳಗಿಂದ ಇಣುಕಿದಳು.

"ಗಾಡಿ ಚಲೋ ಐತಿ. ಒಂದ ಕೇಳ್ಲ್ಯಾ?"

"ಕೇಳ್ರಿ."

"ಇದರಾಗ ಎರಡ ಸೀಟ ಅದಾವ. ಕನ್ಯಾ ನೋಡ್ಲಾಕ ಯಾರ್ಯಾರ ಬರಾವ್ರಿದ್ರಿ?"

ಮಾಮಾ ತಲೆಗೆ ಸುತ್ತಲು ಹೊಸ ಪಟಕಾ ತಂದಿಟ್ಟಿದ್ದ. ಅತ್ತೆ ಇಳಕಲ್ ಸೀರೆಗೆ ಇಸ್ತ್ರಿ ಹಾಕಿಸಿದ್ದಳು. ನಾನು ಕಾಲೇಜಿಗೆ ರಜೆ ಬರೆದುಕೊಟ್ಟಿದ್ದೆ. ಇಷ್ಟು ದಿನ ಗಾಜಿನ ಜಪ ಮಾಡಿದ ನಮ್ಮಲ್ಲಿ ಒಬ್ಬರೂ ಸೀಟು ಎಣಿಸಿರಲಿಲ್ಲ.

"ಇವ್ರೆಲ್ಲಾ ಜೀಪಿನ್ಯಾಗ," ಅಂದ ಬೀರು. ಅವನ ಕಿವಿ ಕಾರಿನ ಬಣ್ಣಕ್ಕೆ ತಿರುಗಿತ್ತು. "ಇದರಾಗ ನಾ ಒಬ್ಬನ ಬರಾಂವಿದ್ದೆ. ಬಾಜೂ ಸೀಟ ಖಾಲಿ ತರಬೇಕಂತ ಮಾಡಿದ್ದೆ. ನೀವು ಹೂಂ ಅಂದ್ರ... ನಿಮ್ಮನ್ನ ಕುಂದ್ರಿಸಿಕೊಂಡು ಒಂದ ಸುತ್ತ ಹೋಗಿ ಬರಬೇಕಂತ. ಅಷ್ಟ. ನನಗ ನೀವು ಭಾಳ ಸೇರೀರಿ."

ಹದಿನೈದು ವರ್ಷದಲ್ಲಿ ಅವನು ಇಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿಲ್ಲ. ಅವನ ಮೇಲಿದ್ದ ನನ್ನ ಸಿಟ್ಟೆಲ್ಲ ನಿಂತಲ್ಲೇ ಇಳಿದುಹೋಯಿತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು.

ಸುಜಾತಾ ಅವನನ್ನೇ ನೋಡಿದಳು. ಸ್ಕೂಟಿಯ ಡಿಕ್ಕಿ ತೆರೆದು ಇನ್ನೊಂದು ಹೆಲ್ಮೆಟ್ ತೆಗೆದು ಅವನ ಕೈಗಿಟ್ಟಳು.

"ನಡ್ರಿ, ಹಿಂದ ಕುಂದ್ರಿ. ನಮ್ಮಪ್ಪನ ಮುಂದ ಬಂದು ಇದನ್ನ ಹೇಳ್ರಿ," ಅಂದಳು. "ಇಷ್ಟ ಹೇಳ್ಲಾಕ ನಿಮಗ ಇಟಲಿ ಗಾಜ ಯಾಕ ಬೇಕಿತ್ರಿ?"