ಬಂಡೆ ಕಡೆಯಿಂದ ಬಂದ ‘ಥಮ್’

ನನ್ನ ಕೈಲಿ ಆಗುವುದಿಲ್ಲ ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ಕಾಲೇಜಿನ ಕೆಡೆಟ್ ದಳಕ್ಕೆ ಸೇರಿ, ಮೊದಲ ಸಲ ಖಾಕಿ ತೊಟ್ಟು ಬೈರಾಪಟ್ಟಣದ ಮನೆಗೆ ಬಂದ ದಿನ ಅವರು ಜಗುಲಿ ಮೇಲೆ ಕೂತಿದ್ದರು. ಬೂಟಿನಿಂದ ಟೋಪಿವರೆಗೆ ನೋಡಿ, “ನೀನು ಕೂಗಿದ್ರೆ ನಮ್ಮನೆ ಎಮ್ಮೆನೇ ತಿರುಗಿ ನೋಡಕಿಲ್ಲ. ಇನ್ನು ಜನ ನಿಂತಾರಾ?” ಅಂದರು. ಅಪ್ಪ ನಕ್ಕರು. ಅಣ್ಣನ ಮಾತಿಗೆ ನಗುವುದು ಬಿಟ್ಟು ಅವರಿಗೆ ಬೇರೆ ಗೊತ್ತಿರಲಿಲ್ಲ.

ನಮ್ಮ ಮನೆಯಿಂದ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಆಗ ಹೆದ್ದಾರಿ ಉದ್ದಕ್ಕೂ ಗಾರ್ಮೆಂಟ್ಸ್ ಕಾರ್ಖಾನೆಗಳು ಏಳುತ್ತಿದ್ದವು. ಊರ ಹುಡುಗಿಯರನ್ನು ಬೆಳಿಗ್ಗೆ ವ್ಯಾನು ಬಂದು ತುಂಬಿಕೊಂಡು ಹೋಗುತ್ತಿತ್ತು. ದೊಡ್ಡಪ್ಪ ಒಂದು ತೀರ್ಮಾನ ಕೊಟ್ಟಿದ್ದರು: ಎರಡನೇ ವರ್ಷದ ಕೆಡೆಟ್ ಪರೀಕ್ಷೆಯಲ್ಲಿ ‘ಬಿ’ ಸರ್ಟಿಫಿಕೇಟು ತಂದರೆ ಡಿಗ್ರಿ ಮುಗಿಸಬಹುದು, ತರದಿದ್ದರೆ ವ್ಯಾನು ಹತ್ತಬೇಕು. ತಮಾಷೆಗೆ ಅಂದಿರಲಿಲ್ಲ. ಅವರ ಮಾತೇ ಮನೆಯಲ್ಲಿ ನಡೆಯುತ್ತಿದ್ದುದು.

ಗಾಳಿ, ದೆವ್ವ, ಮೈಮೇಲೆ ಬರುವುದು ಇವನ್ನೆಲ್ಲ ನಾನು ನಂಬಿದವಳಲ್ಲ. ಅಂಥ ಮಾತು ತೆಗೆದವರನ್ನು ಆಡಿಕೊಂಡು ನಗುತ್ತಿದ್ದೆ. ಈಗಲೂ ನೀವು ನಂಬಿ ಎಂದು ಹೇಳುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಅದಕ್ಕೆ ಮೊದಲು ನಮ್ಮ ದಳದ ಒಂದು ಹಳೆಯ ಕಥೆ ನಿಮಗೆ ಗೊತ್ತಿರಬೇಕು. ಯಾವುದೋ ಕಾಲದ ಒಬ್ಬ ಕಮಾಂಡರ್ ಹುಡುಗ ಕೆರೆ ಏರಿ ಪಕ್ಕ ಪಥಸಂಚಲನ ಮಾಡಿಸುತ್ತಿದ್ದವನು, ನಿಲ್ಲಿಸುವ ಮಾತನ್ನೇ ಮರೆತನಂತೆ. ನಿಲ್ಲಿ ಅನ್ನುವುದಕ್ಕೆ ನಮ್ಮಲ್ಲಿ ‘ಥಮ್’ ಅನ್ನುತ್ತಾರೆ. ಆ ಮಾತು ಬರಲಿಲ್ಲವೆಂದು ಹುಡುಗರು ಹೆಜ್ಜೆ ತಪ್ಪದೆ ಕೆರೆಗೇ ಇಳಿದರಂತೆ, ಸೊಂಟಮಟ್ಟ. ಅಂದಿನಿಂದ ಪ್ರತಿ ವರ್ಷ ಹೊಸದಾಗಿ ಸೇರಿದವರನ್ನು ಆ ಕೆರೆಗೆ ಕರೆದೊಯ್ದು ಬೂಟಿನ ತುದಿ ಅದ್ದಿಸುತ್ತಾರೆ. ನಾನೂ ಅದ್ದಿದ್ದೇನೆ. ಸೀನಿಯರುಗಳು ಹೇಳಿಕೊಡುವ ಮೊದಲ ಪಾಠವೂ ಅದೇ: ಕಮಾಂಡ್ ಇಲ್ಲದೆ ನಿಂತವನು ಕೆಡೆಟ್ ಅಲ್ಲ. ಆ ಕಥೆ ಹೇಳಿಕೊಂಡು ಎಷ್ಟು ನಕ್ಕಿದ್ದೇವೋ.

ನನ್ನ ಎರಡನೇ ವರ್ಷದ ಕ್ಯಾಂಪೂ, ಮೊದಲ ವರ್ಷದ ಹಾಗೆ, ಮಾಗಡಿ ಕಡೆಯ ಒಂದು ಹಳ್ಳಿಯಲ್ಲಿ. ಬೆಳಿಗ್ಗೆ ಎದ್ದರೆ ಸಾವನದುರ್ಗ ಮಂಜಿನಲ್ಲಿ ಅರ್ಧ ಮುಳುಗಿರುತ್ತಿತ್ತು. ಕ್ಯಾಂಪಿನ ಕೊನೆಗೆ ಪರೀಕ್ಷೆ. ಹುಡುಗಿಯರ ತುಕಡಿಗೆ ನಾನು ಕಮಾಂಡರ್. ದೊಡ್ಡಪ್ಪನ ಎಮ್ಮೆ ತಲೆಯಲ್ಲಿ ಕೂತಿತ್ತಲ್ಲ, ಪರೀಕ್ಷೆಗೆ ಇನ್ನೂ ಮೂರ್ನಾಲ್ಕು ದಿನ ಇರುವಾಗ ಒಂದು ಸಂಜೆ ಒಬ್ಬಳೇ ಡೇರೆಗಳ ಹಿಂದೆ ನಿಂತು ಬಯಲಿನಾಚೆಯ ದೊಡ್ಡ ಬೋಳು ಬಂಡೆಗೆ ಮುಖ ಮಾಡಿ ಕೂಗಿದೆ. ಥಮ್ ಅಂದರೆ ಸ್ವಲ್ಪ ತಡೆದು ಬಂಡೆಯೂ ಥಮ್ ಅನ್ನುತ್ತಿತ್ತು. ಅದಕ್ಕಿಂತ ಜೋರಾಗಿ ಕೂಗಬೇಕೆಂದು ಹಟ. ಕತ್ತಲಾಗುವ ಹೊತ್ತಿಗೆ ಗಂಟಲು ಹರಿದುಹೋಗಿತ್ತು.

ನಮಗೆ ಕವಾಯತು ಕಲಿಸುತ್ತಿದ್ದ ಹವಾಲ್ದಾರರನ್ನು ಉಸ್ತಾದ್ ಎಂದು ಕರೆಯುತ್ತಿದ್ದೆವು. ಮರುದಿನ ಬೆಳಿಗ್ಗೆ ನನ್ನ ದನಿ ಕೇಳಿ ಅವರು ಬೈಯಲಿಲ್ಲ. “ಬಿಸಿನೀರು ಕುಡಿ. ಪರೀಕ್ಷೆ ಹೊತ್ತಿಗೆ ದನಿ ಬರಲಿಲ್ಲವೋ, ಕಮಾಂಡು ರತ್ನಳಿಗೆ” ಅಂದರು. ರತ್ನ ಕನಕಪುರದ ಕಡೆಯವಳು, ನನ್ನ ಗೆಳತಿ, ಮುಂದಿನ ಸಾಲಿನ ಎತ್ತರದ ಹುಡುಗಿ. ಅವಳು ನನ್ನ ಕಿವಿಯಲ್ಲಿ, “ನಂಗೆ ಬ್ಯಾಡ ಕಣೇ ಈ ಗ್ರಹಚಾರ. ಕಪ್ಪೆ ಥರನಾದ್ರೂ ಕೂಗು” ಅಂದಳು.

ನಾವು ದಿನಾ ಕವಾಯತು ಮಾಡುತ್ತಿದ್ದ ಹಳ್ಳಿ ಶಾಲೆಯ ಅಂಗಳದಲ್ಲಿ ಅಂದು ಹುಡುಗರ ತುಕಡಿ ತುಂಬಿಕೊಂಡಿತ್ತು. ಹೋದ ವರ್ಷ ಕವಾಯತು ಮಾಡಿದ್ದ ಬಯಲಿಗೆ ನಡೆಯಿರಿ, ಹಿಂದೆಯೇ ಬರುತ್ತೇನೆ ಎಂದು ಉಸ್ತಾದ್ ಹೇಳಿದರು. ಆ ಬಯಲು ನನಗೆ ಚೆನ್ನಾಗಿ ಗೊತ್ತಿತ್ತು. ಬಂಡೆಯ ಬುಡದವರೆಗೂ ಸಮತಟ್ಟು. ಈ ಸಲ ಮಾತ್ರ ಆ ಕಡೆ ಇನ್ನೂ ಯಾರೂ ಕಾಲಿಟ್ಟಿರಲಿಲ್ಲ. ಇದ್ದ ದನಿಯಲ್ಲಿ ‘ತೇಜ್ ಚಲ್’ ಅಂದೆ. ತುಕಡಿ ಹೊರಟಿತು. ಆ ಕೂಗಿನಲ್ಲೇ ಉಳಿದದ್ದೂ ಹೋಯಿತು. ಆಮೇಲೆ ಬಾಯಿ ತೆಗೆದರೆ ಬರೀ ಉಸಿರು.

ಮಂಜು ದಟ್ಟವಾಗಿತ್ತು. ಮುಂದಿನ ಸಾಲಿನವರ ಟೋಪಿಯೇ ನನಗೆ ಮಸುಕು. ಕವಾಯತಿನಲ್ಲಿ ನೆಲ ನೋಡುವಂತಿಲ್ಲ, ನೋಟ ನೇರ ಇರಬೇಕು. ನಾನು ಪಕ್ಕದಲ್ಲಿ, ಒಸಿ ಹಿಂದೆ ನಡೆಯುತ್ತಿದ್ದೆ. ನಡೆಯುತ್ತ ನಡೆಯುತ್ತ ಬೂಟಿನ ಸದ್ದು ಬದಲಾಯಿತು. ಮಣ್ಣಿನ ಸದ್ದಲ್ಲ, ಜಲ್ಲಿ ಪುಡಿಯ ಕರಕರ. ಬಗ್ಗಿ ನೋಡಿದೆ. ನೆಲ ಬೆಳ್ಳಗಿತ್ತು. ಹೋದ ವರ್ಷ ಅಲ್ಲಿ ಹುಲ್ಲಿತ್ತು.

ರಸ್ತೆಗೆ, ಫ್ಲೈಓವರಿಗೆ ಎಂದು ಆ ಸೀಮೆಯಲ್ಲೆಲ್ಲ ಬಂಡೆ ಒಡೆಯುತ್ತಿದ್ದ ಕಾಲ ಅದು. ಜಲ್ಲಿ ಪುಡಿ ಇದೆ ಅಂದರೆ ಹತ್ತಿರದಲ್ಲೇ ಕಲ್ಲು ತೋಡಿದ ಕ್ವಾರಿ ಹಳ್ಳ ಇದೆ. ಥಮ್ ಅನ್ನಲು ಬಾಯಿ ತೆಗೆದೆ. ಸದ್ದಿಲ್ಲ. ಇನ್ನೊಮ್ಮೆ ತೆಗೆದೆ. ಇಲ್ಲ. ಸಾಲಿನ ಪಕ್ಕ ಓಡಿದೆ, ಕೈ ಬೀಸಿದೆ. ನೋಟ ನೇರ ಇಟ್ಟ ಹುಡುಗಿಯರು ನನ್ನ ಕೈ ನೋಡಲಿಲ್ಲ. ಕೆರೆಗೆ ಬೂಟು ಅದ್ದಿ ಬಂದವರಲ್ಲವೇ ಎಲ್ಲರೂ. ಹೆಜ್ಜೆ ಒಂದೇ ಸಮನೆ ಬೀಳುತ್ತಿತ್ತು.

ಆಗ ಎದುರಿನಿಂದ, ಬಂಡೆ ಇರುವ ಕಡೆಯಿಂದ, “ಥಮ್” ಎಂದು ಕೇಳಿಸಿತು.

ಸರಿಯಾದ ಹೆಜ್ಜೆಗೆ ಬಿದ್ದ ಕಮಾಂಡು ಅದು. ಬೂಟುಗಳು ಒಟ್ಟಿಗೆ ಬಡಿದು ನಿಂತವು. ನಾನು ತಡವರಿಸುತ್ತ ಮುಂದಿನ ಸಾಲಿಗೆ ಹೋದೆ. ರತ್ನಳ ಬೂಟಿನ ಮುಂದೆ ಗೇಣು ನೆಲ, ಆಮೇಲೆ ನೆಲವೇ ಇಲ್ಲ. ಕೆಳಗೆ, ಎಷ್ಟೋ ಕೆಳಗೆ, ಮಂಜಿನೊಳಗೆ ನೀರು ಮಿನುಗಿತು.

ಎಲ್ಲರೂ ಹಿಂದೆ ಸರಿದು ಕೂತಮೇಲೆ ರತ್ನ ನನ್ನ ತೋಳು ಹಿಡಿದಳು. “ಒಸಿ ಮುಂಚೆ ಕೂಗಕೇನಾಗಿತ್ತೇ ನಿಂಗೆ?” ಅಂದಳು.

ನಾನು ಕೂಗಲಿಲ್ಲ ಎಂದು ಪಿಸುಗುಟ್ಟಿದೆ.

“ಇನ್ಯಾರು, ನಿಮ್ಮಜ್ಜಿ ಕೂಗಿದ್ಲಾ? ನಿನ್ನ ದನಿ ನಂಗೊತ್ತಿಲ್ವಾ?”

ಉಳಿದವರನ್ನು ಕೇಳಿದೆ. ಎಲ್ಲರೂ ಅದನ್ನೇ ಹೇಳಿದರು, ನಿನ್ನ ದನಿಯೇ ಎಂದು. ನಿಜ ಹೇಳಬೇಕೆಂದರೆ ನನಗೂ ಹಾಗೇ ಕೇಳಿಸಿತ್ತು. ಹಿಂದಿನ ಸಂಜೆ ಗಂಟಲು ಹರಿಯುವ ಮೊದಲು ಹೇಗಿತ್ತೋ ಹಾಗೆ.

ಉಸ್ತಾದ್ ಓಡಿ ಬಂದರು. ಮೊದಲು ತಲೆ ಎಣಿಸಿದರು, ಆಮೇಲೆ ಹಳ್ಳದ ಅಂಚಿಗೆ ಹೋಗಿ ಬಗ್ಗಿ ನೋಡಿದರು. ನಾನು ನಡೆದದ್ದು ಹೇಳಿದಾಗ, ಬಂಡೆಗಳು ದನಿ ತಿರುಗಿಸುತ್ತವೆ, ಅದು ಇದ್ದದ್ದೇ, ಅಂದರು. ಇರಬಹುದು. ಆದರೆ ತಿರುಗಿಸಲು ಮೊದಲು ಯಾರಾದರೂ ಕೂಗಿರಬೇಕಲ್ಲ? ಭಯದಲ್ಲಿ ನಾನೇ ಕೂಗಿ ಮರೆತೆನೇ? ಆಮೇಲೆ ಎರಡು ದಿನ ನನಗೆ ನೀರು ಬೇಕು ಎನ್ನುವಷ್ಟೂ ದನಿ ಇರಲಿಲ್ಲ. ಸಂಜೆ ಕೂಗಿದ್ದನ್ನು ಬಂಡೆ ರಾತ್ರಿಯೆಲ್ಲ ಇಟ್ಟುಕೊಂಡಿತ್ತು ಎನ್ನಲು ನನ್ನ ಓದು ಬಿಡುವುದಿಲ್ಲ. ಬೇರೆ ಏನೆನ್ನಬೇಕೋ ಇವತ್ತಿಗೂ ತಿಳಿದಿಲ್ಲ.

ಪರೀಕ್ಷೆಯ ದಿನ ದನಿ ಒರಟೊರಟಾಗಿ ಬಂತು. ಥಮ್ ಅಂದೆ, ತುಕಡಿ ನಿಂತಿತು. ಪಾಸಾದೆ. ಆದರೆ ಅಂದು ಬಂಡೆ ಕಡೆಯಿಂದ ಬಂದಂಥ ದನಿ ಅದಾಗಿರಲಿಲ್ಲ. ಅಂಥದ್ದು ನನಗೆ ಮತ್ತೆ ಬಂದಿಲ್ಲ.

ಕ್ವಾರಿಯ ವಿಷಯ ಮನೆಯಲ್ಲಿ ಬಾಯಿ ಬಿಡಲಿಲ್ಲ. ಹೇಳಿದ್ದರೆ ಕಾಲೇಜು ಅಲ್ಲಿಗೇ ನಿಲ್ಲುತ್ತಿತ್ತು. ಸರ್ಟಿಫಿಕೇಟು ಬಂದ ದಿನ ಸೀದಾ ಹೋಗಿ ಜಗುಲಿಯಲ್ಲಿದ್ದ ದೊಡ್ಡಪ್ಪನ ಕೈಗೆ ಕೊಟ್ಟೆ. ಅವರಿಗೆ ಓದು ಬರದು. ಮುದ್ರೆಯ ಮೇಲೆ ಹೆಬ್ಬೆಟ್ಟು ಆಡಿಸಿದರು. ಆಮೇಲೆ ಕಾಗದವನ್ನು ನನಗೇ ವಾಪಸು ಕೊಟ್ಟು, ಮುಖ ನೋಡದೆ ಅಂದರು:

“ಓದ್ಕೊ ಹೋಗಮ್ಮಿ. ದನಿ ಇಲ್ಲ ಅಂದಿದ್ದೆ, ಐತೆ ಬುಡು. ಅದ್ಯಾವ ಬಂಡೆ ಸಂದೀಲಿ ಮಡಗಿದ್ಯೋ.”